ತೂಕ ಸರಿ, ಸೊಂಟ ಎಷ್ಟು?

ಒಂದು ಫೋಟೊದ ಬಗ್ಗೆ ಹೇಳ್ತೀನಿ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ಡಾಕ್ಟರುಗಳು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರದ್ದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, 22.3. ಚಾರ್ಟ್ ನೋಡಿದರೆ ಇಬ್ಬರೂ ಪಾಸು. ಆದರೆ ಸ್ಕ್ಯಾನ್ ಮಾಡಿ ಕೊಬ್ಬು ಅಳೆದರೆ ಯುಡ್ಕಿನ್ ಮೈಯಲ್ಲಿ 9.1 ಪರ್ಸೆಂಟ್, ನಮ್ಮ ಯಾಜ್ಞಿಕರ ಮೈಯಲ್ಲಿ 21.2. ಎರಡು ಪಟ್ಟಿಗಿಂತ ಜಾಸ್ತಿ!

ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕರು ಓಡುತ್ತಿದ್ದದ್ದು ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ಒಳಗೆ ನುಗ್ಗೋದಕ್ಕೆ. ಇದು ನನ್ನ ತಮಾಷೆ ಅಲ್ಲ, ಅವರೇ ಬರೆದುಕೊಂಡದ್ದು. ಆದರೆ ಎಲ್ಲವನ್ನೂ ಸೋಮಾರಿತನದ ತಲೆಗೆ ಕಟ್ಟುವ ಹಾಗೂ ಇಲ್ಲ. ಯಾಜ್ಞಿಕರ ತಂಡ ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿತ್ತು. ನಮ್ಮ ಕೂಸುಗಳು ಸರಾಸರಿ 2.7 ಕೆಜಿ, ಅಲ್ಲಿಯವು 3.5. ನಮ್ಮವು ಹುಟ್ಟುವಾಗಲೇ ಸಣ್ಣ. ಕಮ್ಮಿ ಇದ್ದದ್ದು ಮುಖ್ಯವಾಗಿ ಸ್ನಾಯು. ಕೊಬ್ಬು ಅಷ್ಟಾಗಿ ಕಮ್ಮಿ ಇರಲಿಲ್ಲ.

ಈಗ ನಮ್ಮ ಮದುವೆ ಮನೆಗಳ ಪಂಕ್ತಿ ನೋಡಿ. ಸ್ವಲ್ಪ ಮೈ ತುಂಬಿಕೊಂಡ ಹೆಣ್ಣುಮಗಳಿಗೆ ಎಲ್ಲರದ್ದೂ ಬುದ್ಧಿವಾದ. ಪಕ್ಕದಲ್ಲೇ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಅಂಗಿಯ ಗುಂಡಿ ಎಳೆಯುತ್ತಿರುವ ಒಬ್ಬರು ಕೂತಿರುತ್ತಾರೆ. ಅವರಿಗೆ ಮಾತ್ರ, "ನಿಂಗೇನಪ್ಪ, ಎಷ್ಟು ತಿಂದ್ರೂ ಮೈಗೆ ಹತ್ತಲ್ಲ" ಅಂತ ಇನ್ನೊಂದು ಹೋಳಿಗೆ! ನನಗೆ ಸಿಟ್ಟು ಬರುವುದು ಇಲ್ಲೇ. ತೂಕದ ಯಂತ್ರ ದಪ್ಪಗಿರುವವರನ್ನು ಹೆದರಿಸುತ್ತದೆ, ಸರಿ. ಆದರೆ ತೆಳ್ಳಗಿರುವವರಿಗೆ ಅದು ಸುಳ್ಳು ಧೈರ್ಯ ಕೊಡುತ್ತದೆ. ನಮ್ಮ ದೇಶದಲ್ಲಿ ಈ ಎರಡನೆಯದೇ ದೊಡ್ಡ ತೊಂದರೆ ಅನ್ನೋದು ನನ್ನ ವಾದ. ಒಳಗೆ ಕರುಳು, ಲಿವರ್ ಸುತ್ತ ಕೂತ ಕೊಬ್ಬು ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ. ಬರೀ ತೂಕ ನೋಡಿದರೆ ಅದು ಗೊತ್ತಾಗಲ್ಲ.

ಹಾಗಾದರೆ ಏನು ಮಾಡಬೇಕು? ದರ್ಜಿಗಳ ಟೇಪು ಸಾಕು. ಪ್ಯಾಂಟಿನ ಸೈಜ್ ಹೇಳಬೇಡಿ ಮತ್ತೆ, ನಾವು ಪ್ಯಾಂಟ್ ಕಟ್ಟೋದು ಹೊಟ್ಟೆಯ ಕೆಳಗೆ! ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪು ಸುತ್ತಿ. ಮಾಮೂಲಿಯಾಗಿ ಉಸಿರು ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗೋದು ನೀವೇ. ನಮ್ಮ ಕಡೆಯವರಿಗೆ ಗಂಡಸರಾದರೆ 90 ಸೆಂಟಿಮೀಟರ್, ಹೆಂಗಸರಾದರೆ 80 ದಾಟಬಾರದು ಅಂತ ಲೆಕ್ಕ. ನೆನಪಿಡೋಕೆ ಇನ್ನೂ ಸುಲಭದ್ದು, ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ. ಐದೂವರೆ ಅಡಿ ಇದ್ದೀರಾ? 33 ಇಂಚಿನ ಒಳಗೆ.

"ನಮ್ಮ ಮನೇಲಿ ಸ್ಮಾರ್ಟ್ ಸ್ಕೇಲ್ ಇದೆ, ಫ್ಯಾಟ್ ಪರ್ಸೆಂಟೇಜೂ ತೋರಿಸುತ್ತೆ" ಅಂತೀರಾ? ಅದು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಸಣ್ಣ ಕರೆಂಟ್ ಹರಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯನ್ನು ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತದೆ. ಬೆವರಿ ಬಂದು ನಿಂತರೆ ಒಂದು ನಂಬರ್, ನೀರು ಕುಡಿದು ನಿಂತರೆ ಇನ್ನೊಂದು. ಅದೂ ಕರೆಂಟ್ ಓಡಾಡೋದು ಹೆಚ್ಚಾಗಿ ಕಾಲಿನಲ್ಲಿ, ನಮಗೆ ಬೇಕಾದ್ದು ಹೊಟ್ಟೆಯ ಸುದ್ದಿ. ಇರಲಿ, ದುಡ್ಡು ಕೊಟ್ಟು ತಂದಾಗಿದೆ. ದಿನಾ ಒಂದೇ ಹೊತ್ತಿಗೆ ನಿಂತು, ತಿಂಗಳುಗಟ್ಟಲೆ ಯಾವ ಕಡೆ ಹೋಗ್ತಿದೆ ಅಂತ ಮಾತ್ರ ನೋಡಿ.

ಅನ್ನ ಬಿಟ್ಟು ವಾರಕ್ಕೆ ಎರಡು ಕೆಜಿ ಇಳಿಸಿದವರಿಗೂ ಒಂದು ಮಾತು. ನಮ್ಮ ಮೈ ಪಿಷ್ಟವನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು. ಮೊದಲ ವಾರ ಹೋಗೋದರಲ್ಲಿ ಬಹುಪಾಲು ಇದೇ. ಭಾನುವಾರ ಬಿಸಿಬೇಳೆಬಾತ್ ತಿನ್ನಿ, ವಾಪಸ್ ಬರುತ್ತದೆ.

ಇದಕ್ಕೆ ಉಲ್ಟಾ ಕೇಸ್ ಕೂಡ ಇದೆ. ಮೂರು ತಿಂಗಳು ಜಿಮ್ಮಿಗೆ ಹೋಗಿ, ತೂಕ ಒಂದು ಕೆಜಿಯೂ ಇಳಿಯಲಿಲ್ಲ ಅಂತ ಬಿಟ್ಟವರು ಎಷ್ಟು ಜನ! ಸೊಂಟ ಎರಡು ಇಂಚು ಕಮ್ಮಿಯಾಗಿದ್ದರೆ, ಮೊದಲು ಎತ್ತಲಾಗದ ತೂಕ ಈಗ ಎತ್ತುತ್ತಿದ್ದರೆ, ಕೊಬ್ಬು ಹೋಗಿ ಸ್ನಾಯು ಬಂದಿದೆ ಅಂತ ಅಲ್ವಾ? ಅಂಥವರು ಜಿಮ್ ಬಿಟ್ಟದ್ದು ಗೆದ್ದ ಹೊತ್ತಿನಲ್ಲಿ.

ಶಕ್ತಿಯನ್ನೂ ಅಳೆಯಿರಿ. 17 ದೇಶಗಳಲ್ಲಿ, ಭಾರತವೂ ಸೇರಿ, ನಡೆದ ಪ್ಯೂರ್ ಅನ್ನುವ ಅಧ್ಯಯನ 2015ರಲ್ಲಿ ಹೇಳಿದ್ದೇನು ಗೊತ್ತಾ? ಯಾರು ಬೇಗ ಸಾಯಬಹುದು ಅನ್ನೋದರ ಸುಳಿವು ಬಿಪಿ ನಂಬರಿಗಿಂತ ಕೈಯ ಹಿಡಿತದಲ್ಲಿ ಚೆನ್ನಾಗಿ ಸಿಕ್ಕಿತು. ಹಿಡಿತ ಅಳೆಯೋ ಯಂತ್ರ ಮನೆಯಲ್ಲಿ ಇರಲ್ಲ, ಕುರ್ಚಿ ಇರುತ್ತಲ್ಲ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ, ಎಣಿಸಿ. ಅಮ್ಮ ಅಪ್ಪನಿಗೂ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತಿರಿ.

ಮುಂದಿನ ಹೆಲ್ತ್ ಚೆಕಪ್‌ನಲ್ಲಿ ಎತ್ತರ, ತೂಕ ಬರೆದುಕೊಂಡು "ನಾರ್ಮಲ್, ಹೋಗಿ" ಅಂದರೆ ಏಳಬೇಡಿ. "ಸೊಂಟದ ಅಳತೆ ತಗೊಳ್ಳಲ್ವಾ ಸಾರ್?" ಅಂತ ಕೇಳಿ. ನೀವು ತೆಳ್ಳಗಿದ್ದರಂತೂ ಕೇಳಲೇಬೇಕು.