212ರ ಮೇಲೆ ಐದು ತಿಂಗಳು

ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವುದು ಮೇ ತಿಂಗಳ ಒಂದು ಬೆಳಗಿನ ಜಾವ, ಬೆಂಗಳೂರಿನ ನಮ್ಮ ಮನೆಯ ಹಿಂಬದಿಯ ಕೋಣೆ. ನಿಂತಲ್ಲೇ ತುಳಿಯಲು ಬಳಸುವ ಟ್ರೇನರ್ ಎಂಬ ಸಾಧನಕ್ಕೆ ಬಿಗಿದ ಸೈಕಲ್ಲಿನ ಮೇಲೆ 20 ನಿಮಿಷದ ಪರೀಕ್ಷೆಯ ಹದಿನಾಲ್ಕನೆಯ ನಿಮಿಷದಲ್ಲಿದ್ದೇನೆ. ಹ್ಯಾಂಡಲ್‌ಗೆ ಸುತ್ತಿದ ಟವೆಲ್ಲಿನಿಂದ ಬೆವರು ತೊಟ್ಟಿಕ್ಕುತ್ತಿದೆ, ಹೃದಯ ಬಡಿತ 178ನ್ನು ದಾಟಿದೆ, ಆದರೂ ತುಳಿತದ ಶಕ್ತಿಯನ್ನು ತೋರಿಸುವ ವಾಟ್‌ಗಳ ಅಂಕಿ ಮೇಲೇರಲು ಒಪ್ಪುತ್ತಿಲ್ಲ. ಪರೀಕ್ಷೆ ಮುಗಿದಾಗ ಸರಾಸರಿ 223 ವಾಟ್ ಬಂದಿತು. ಅದರ 95 ಪ್ರತಿಶತವನ್ನು, ಅಂದರೆ 212ನ್ನು, ನಾವು ಎಫ್‌ಟಿಪಿ ಎಂದು ಬರೆದುಕೊಳ್ಳುತ್ತೇವೆ. ಸುಮಾರು ಒಂದು ಗಂಟೆಯ ಕಾಲ ಒಂದೇ ಸಮನೆ ತುಳಿಯಬಹುದಾದ ಗರಿಷ್ಠ ಶಕ್ತಿಯ ಅಂದಾಜು ಅದು. ಜನವರಿಯಲ್ಲಿಯೂ 212, ಮಾರ್ಚ್‌ನಲ್ಲಿ 210, ಈಗ ಮತ್ತೆ 212. ನನ್ನ ತೂಕ 71 ಕೆ.ಜಿ. ಆದ್ದರಿಂದ ಕೆ.ಜಿ.ಗೆ 2.99 ವಾಟ್ ಆಯಿತು. ಮೂರಕ್ಕೆ ಒಂದೇ ಒಂದು ಪೈಸೆ ಕಡಿಮೆ.

ಎಷ್ಟು ತುಳಿದರೂ ಅಂಕಿ ಏರದೆ ಹೀಗೆ ನಿಂತುಬಿಡುವುದನ್ನು ಸೈಕಲ್ ತುಳಿಯುವವರು ಪ್ಲಾಟೋ ಎನ್ನುತ್ತಾರೆ. ಶಾಲೆಯ ಭೂಗೋಳದಲ್ಲಿ ಅದೇ ಪದವನ್ನು ಪ್ರಸ್ಥಭೂಮಿ ಎಂದು ಓದಿದ್ದೆವು. ದಖ್ಖನ್ ಪ್ರಸ್ಥಭೂಮಿಯ ಮೇಲೆಯೇ ಹುಟ್ಟಿ ಬೆಳೆದವನಿಗೆ ಅಲ್ಲಿಯೇ ನಿಂತುಬಿಡುವುದು ಸಹಜವೆಂದು ಗೆಳೆಯರು ತಮಾಷೆ ಮಾಡಿದರು. ಅಮ್ಮನ ಪ್ರಶ್ನೆ ಇನ್ನೂ ನೇರವಾಗಿತ್ತು: "ದಿನಾ ಇಷ್ಟು ತುಳಿದು ಎಲ್ಲಿಗಪ್ಪಾ ಹೋಗಿ ಬರ್ತೀಯ?"

ಆ ಐದು ತಿಂಗಳು ನಾನು ಸೋಮಾರಿಯಾಗಿರಲಿಲ್ಲ ಎಂಬುದೇ ವಿಷಯದ ತಿರುಳು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, 185ರಿಂದ 195 ವಾಟ್‌ಗಳ ನಡುವೆ ಬಿಡದೆ ತುಳಿದಿದ್ದೆ. ಸುಲಭವಾಗಿ ತುಳಿಯೋಣವೆಂದು ಕುಳಿತ ದಿನವೂ ಝ್ವಿಫ್ಟ್ ಎಂಬ ಆನ್‌ಲೈನ್ ಸೈಕಲ್ ಆಟದ ರಸ್ತೆಯಲ್ಲಿ ಯಾರೋ ಅಪರಿಚಿತರು ಹಿಂದಿನಿಂದ ಬಂದು ಮುಂದೆ ಹೋದರೆ ಕಾಲು ತಾನಾಗಿ ಬಿರುಸಾಗುತ್ತಿತ್ತು. ಮೇ ತಿಂಗಳ ಆ ಪರೀಕ್ಷೆಯ ನಂತರ ಮೂರು ತಿಂಗಳ ದಾಖಲೆಯನ್ನು ಒಟ್ಟಿಗೆ ತೆರೆದು ನೋಡಿದಾಗ, ಯಾವ ದಿನದ ಗೆರೆಯನ್ನು ಯಾವ ದಿನದ ಮೇಲೆ ಇಟ್ಟರೂ ಒಂದಕ್ಕೊಂದು ಹೊಂದಿಕೊಳ್ಳುವಷ್ಟು ಎಲ್ಲವೂ ಒಂದೇ ಬಗೆಯಾಗಿದ್ದವು. ಹಗುರವೂ ಅಲ್ಲದ, ನಿಜವಾದ ಕಠಿಣವೂ ಅಲ್ಲದ ನಡುವಿನ ಶ್ರಮ ಅದು. ದಣಿವನ್ನು ಧಾರಾಳವಾಗಿ ಕೊಡುತ್ತದೆ, ಆದರೆ ದೇಹಕ್ಕೆ ಹೊಸದೇನನ್ನೂ ಕೇಳುವುದಿಲ್ಲ. ನಾರ್ವೆಯ ಆಗ್ಡರ್ ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಅವರು ದೋಣಿ ಹುಟ್ಟು ಹಾಕುವವರು, ಹಿಮದ ಮೇಲೆ ಸ್ಕೀ ಮಾಡುವವರು, ಸೈಕಲ್ ಸವಾರರು ಮುಂತಾದ ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿಯನ್ನು ಅಧ್ಯಯನ ಮಾಡಿ, ಅವರ ಅಭ್ಯಾಸದ ಅವಧಿಗಳಲ್ಲಿ ಸುಮಾರು 80 ಪ್ರತಿಶತ ಹಗುರವಾಗಿಯೇ ಇರುತ್ತವೆ ಎಂದು ತೋರಿಸಿದ್ದಾರೆ. ವಾರಕ್ಕೆ ಐದೇ ಗಂಟೆ ತುಳಿಯುವ ನನ್ನಂಥವನಿಗೆ ಆ ಅನುಪಾತವನ್ನು ತಕ್ಕಡಿಯಲ್ಲಿಟ್ಟು ತೂಗಬೇಕಾಗಿಲ್ಲ ಎಂದು ನನಗನಿಸುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಹಗುರವಾದ ದಿನ ಒಂದೂ ಇರಲಿಲ್ಲವಲ್ಲ!

ಇನ್ನೊಂದು ಕಾರಣ ಈ ಕೋಣೆಯಲ್ಲಿಯೇ ಇತ್ತು. ಸೈಕಲ್ ತುಳಿಯುವಾಗ ದೇಹವು ಖರ್ಚು ಮಾಡುವ ಶಕ್ತಿಯಲ್ಲಿ 20ರಿಂದ 25 ಪ್ರತಿಶತ ಮಾತ್ರ ಪೆಡಲ್‌ಗೆ ತಲುಪುತ್ತದೆ, ಉಳಿದದ್ದೆಲ್ಲ ಶಾಖವಾಗುತ್ತದೆ. ಅಂದರೆ 200 ವಾಟ್ ತುಳಿಯುತ್ತಿರುವ ಮನುಷ್ಯ ಅದೇ ಹೊತ್ತಿನಲ್ಲಿ 600ರಿಂದ 800 ವಾಟ್ ಶಾಖವನ್ನು ಹೊರಹಾಕಬೇಕಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಹಚ್ಚಿಟ್ಟುಕೊಂಡು ಅದರ ಪಕ್ಕದಲ್ಲಿಯೇ ಕುಳಿತಂತೆ. ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸುತ್ತದೆ, ಇಲ್ಲಿ ಆ ಗಾಳಿ ಇಲ್ಲ. ಚರ್ಮವನ್ನು ತಂಪಾಗಿಡಲು ರಕ್ತ ಅತ್ತ ಹರಿದಂತೆ, ಕಾಲಿನ ಸ್ನಾಯುಗಳಿಗೂ ರಕ್ತ ಪೂರೈಸುವುದಕ್ಕಾಗಿ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಇದನ್ನು ಪರೀಕ್ಷಿಸಲೆಂದು ಎರಡು ದಿನ, ಒಂದೇ ಹೊತ್ತಿಗೆ, 150 ವಾಟ್‌ನಲ್ಲಿ ಒಂದು ಗಂಟೆ ತುಳಿದೆ. ಮೊದಲ ದಿನ ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಮಾತ್ರ. ಬಡಿತ 138ರಿಂದ ಆರಂಭವಾಗಿ ಕೊನೆಗೆ 156ಕ್ಕೆ ಬಂದು ನಿಂತಿತು. ಎರಡನೆಯ ದಿನ ಬಾಲ್ಕನಿಯ ಬಾಗಿಲು ತೆರೆದು, ಎದೆಗೂ ಬೆನ್ನಿಗೂ ಒಂದೊಂದು ಟೇಬಲ್ ಫ್ಯಾನ್ ಇಟ್ಟೆ. 136ರಿಂದ 143ಕ್ಕೆ ಮಾತ್ರ ಏರಿತು. ಕಾಲುಗಳು ಅವೇ, ವಾಟ್‌ಗಳೂ ಅವೇ. ಜನವರಿಯ ಚಳಿಯಲ್ಲಿ ಬಂದ 212ನ್ನು ಮೇ ತಿಂಗಳ ಸೆಕೆಯಲ್ಲಿ ಬಂದ 212ರ ಪಕ್ಕದಲ್ಲಿಟ್ಟು ನಾನು ನಿಂತಲ್ಲೇ ನಿಂತಿದ್ದೇನೆಂದು ಕೊರಗಿದ್ದು ಎಷ್ಟು ಸರಿ ಎಂಬ ಸಂದೇಹ ಅಂದೇ ಹುಟ್ಟಿತು.

ಊಟದ ವಿಷಯದಲ್ಲಿ ನನ್ನ ತಪ್ಪು ಸರಳವಾದದ್ದು. ಬೆಳಿಗ್ಗೆ ಐದಕ್ಕೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಬರಿಹೊಟ್ಟೆಯಲ್ಲಿ ಹತ್ತುತ್ತಿದ್ದೆ. ರಾತ್ರಿಯ ಉಪವಾಸದಲ್ಲಿ ಯಕೃತ್ತಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಬಹುಪಾಲು ಕರಗಿರುತ್ತದೆಯಾದ್ದರಿಂದ ಕಠಿಣ ಇಂಟರ್ವಲ್‌ಗಳನ್ನು, ಅಂದರೆ ನಡುನಡುವೆ ಬಿಡುವು ಕೊಟ್ಟು ಬಿರುಸಾಗಿ ತುಳಿಯುವ ಸೆಟ್‌ಗಳನ್ನು, ಆ ಸ್ಥಿತಿಯಲ್ಲಿ ಪೂರೈಸುವುದು ಕಷ್ಟ. ಈಗ ಕಠಿಣವಾದ ದಿನಗಳಲ್ಲಿ ಎರಡು ಏಲಕ್ಕಿ ಬಾಳೆಹಣ್ಣು ತಿಂದು, ಬಾಟಲಿಯಲ್ಲಿ 50 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು ಕದಡಿಕೊಂಡು ಕೂರುತ್ತೇನೆ. ರಾಮನವಮಿಯ ಪಾನಕವಲ್ಲದೆ ಅದು ಬೇರೇನೂ ಅಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆನ್ನುವ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಸವಾರರು ತಿನ್ನುವ ದುಬಾರಿ ಸಕ್ಕರೆ ಜೆಲ್‌ಗಳ ಹಂಗಿಲ್ಲ.

ತರಬೇತಿಯನ್ನು ಬದಲಿಸುವ ಮೊದಲು ಒಂದು ವಾರ ಬಹುತೇಕ ಸುಮ್ಮನಿದ್ದೆ. ಇಡೀ ಪ್ರಯೋಗದಲ್ಲಿ ಅತ್ಯಂತ ಕಷ್ಟವಾದದ್ದು ಅದೇ. ಮೂಲೆಯಲ್ಲಿ ನಿಂತ ಸೈಕಲ್ಲನ್ನು ನೋಡಿದಾಗಲೆಲ್ಲ ಗಳಿಸಿದ್ದೆಲ್ಲ ಸೋರಿಹೋಗುತ್ತಿದೆ ಎನಿಸುತ್ತಿತ್ತು. ಆ ಬಳಿಕ ವಾರದ ಮೂರು ದಿನ 135 ವಾಟ್‌ನ ಆಸುಪಾಸಿನಲ್ಲಿ, ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ತುಳಿದೆ. ಯಾರು ಮುಂದೆ ಹೋದರೂ ಕಾಣಬಾರದೆಂದು ಆ ದಿನಗಳಲ್ಲಿ ಆಟದ ಪರದೆಯನ್ನೇ ಆರಿಸಿಟ್ಟೆ. ಉಳಿದ ಎರಡು ದಿನ 233 ವಾಟ್‌ನಲ್ಲಿ ನಾಲ್ಕು ನಿಮಿಷದ ಐದು ಸೆಟ್‌ಗಳು, ನಡುವೆ ಮೂರು ಮೂರು ನಿಮಿಷ ಬಿಡುವು. ಮೂರು ವಾರ ಹೀಗೆ ಏರಿಸಿ ನಾಲ್ಕನೆಯ ವಾರ ಅರ್ಧಕ್ಕೆ ಇಳಿಸುವುದು, ಮತ್ತೆ ಮೊದಲಿನಿಂದ. ಮೊದಲ ಸುತ್ತಿನಲ್ಲಿ ಐದನೆಯ ಸೆಟ್ ಒಮ್ಮೆಯೂ ಪೂರ್ತಿಯಾಗಲಿಲ್ಲ. ಟ್ರೇನರ್ ತಾನೇ ಬಿಗಿಯನ್ನು ಹೊಂದಿಸಿಕೊಳ್ಳುವ ಅರ್ಗ್ ಮೋಡ್‌ನಲ್ಲಿದ್ದರೆ, ನಿಗದಿಯಾದ ವಾಟ್ ಕಾಯ್ದುಕೊಳ್ಳಲು ಕಾಲು ನಿಧಾನವಾದಷ್ಟೂ ಪೆಡಲ್ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಕಾಲು ನಿಧಾನವಾಗುತ್ತದೆ. ಎರಡು ಸಲ ಕೆಸರಿನಲ್ಲಿ ಹೂತ ಗಾಡಿಯಂತೆ ನಿಂತೇಬಿಟ್ಟೆ. ಎರಡನೆಯ ಸುತ್ತಿನ ಮೂರನೆಯ ವಾರದಲ್ಲಿ ಐದೂ ಸೆಟ್‌ಗಳು ಮುಗಿದವು.

ಜುಲೈ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿದೆ. 20 ನಿಮಿಷಕ್ಕೆ 236 ವಾಟ್ ಸರಾಸರಿ, ಎಫ್‌ಟಿಪಿ 224, ತೂಕ ಅದೇ 71. ಈ 12 ವಾಟ್‌ಗಳಲ್ಲಿ ಕಾಲಿನ ಪಾಲೆಷ್ಟು, ಫ್ಯಾನಿನ ಪಾಲೆಷ್ಟು, ಮಳೆಗಾಲದ ತಂಪಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಆದರೆ ಐದನೆಯ ಸೆಟ್ಟನ್ನು ಫ್ಯಾನು ತುಳಿಯಲಿಲ್ಲ ಎಂಬಷ್ಟು ಖಾತ್ರಿ ನನಗಿದೆ. ಹೊಸ ಅಂಕಿಯನ್ನು ಆ್ಯಪ್‌ಗೆ ಕೊಟ್ಟದ್ದೇ ತಡ, ಅದು ಎಲ್ಲ ಗುರಿಗಳನ್ನೂ ಮೇಲಕ್ಕೆತ್ತಿ 233 ಇದ್ದಲ್ಲಿ 246 ಎಂದು ತೋರಿಸಿತು. ಈಗ ನೀವು ನೋಡುತ್ತಿರುವುದು ಆ 246ರ ಮೊದಲ ದಿನ, ಮೂರನೆಯ ಸೆಟ್ಟಿನ ಕೊನೆಯ ನಿಮಿಷ. ಇನ್ನು ಹತ್ತು ಸೆಕೆಂಡಿನಲ್ಲಿ ಪೆಡಲ್ ನಿಲ್ಲುತ್ತದೆ, ಗಮನಿಸಿ.