ಎಣ್ಣೆ ಆರಿದ ಲೇನಿಗೆ ಯಾವ ಬಾಲ್?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಬೌಲಿಂಗ್ ಬಗ್ಗೆ ಮಾತಾಡೋಣ. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಉದ್ದನೆಯ ಲೇನಿನ ಮೇಲೆ ಭಾರದ ಬಾಲ್ ಉರುಳಿಸಿ, ಆ ತುದಿಯಲ್ಲಿ ನಿಂತ ಹತ್ತು ಪಿನ್ ಕೆಡವುವ ಆಟ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಕೆಲಸಕ್ಕೆಂದು ಬೆಂಗಳೂರು ಸೇರಿದ್ದಾರೆ. ಶನಿವಾರ ಸಂಜೆ ಗೆಳೆಯರ ಜೊತೆ ಮಾಲಿಗೆ ಹೋಗಿ ಸುಮ್ನೆ ಶುರು ಮಾಡಿದ ಆಟ ಕೆಲವರಿಗೆ ಹುಚ್ಚು ಹಿಡಿಸಿದೆ. ಬಾಡಿಗೆ ಬಾಲ್ ಬಿಟ್ಟು ಸ್ವಂತ ಬಾಲ್ ಕೊಂಡಿದ್ದಾರೆ. ಲೀಗ್ ಆಡುತ್ತಾರೆ. ದೀಪಾವಳಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದರೆ ಆ ಚೀಲವೂ ಜೊತೆಗೆ ಬರುತ್ತದೆ. ಅದನ್ನು ಎತ್ತಿದ ಅಪ್ಪ, "ಏನೋ ಇದು, ಕಲ್ಲು ತುಂಬಿದ್ದೀಯಾ?" ಎನ್ನುತ್ತಾರೆ. ಹೆಚ್ಚುಕಡಿಮೆ ನಿಜವೇ. ನಿಯಮದ ಪ್ರಕಾರ ಒಂದು ಬಾಲ್ 16 ಪೌಂಡಿನವರೆಗೆ, ಅಂದರೆ ಏಳು ಕಿಲೋಗಿಂತ ತುಸು ಜಾಸ್ತಿ, ತೂಗಬಹುದು.

ಅಂಕೋಲೆಯ ನಮ್ಮ ಅಕ್ಕನ ಮಗನೂ ಇಂಥವನೇ. ಈಚೆಗೆ ಫೋನ್ ಮಾಡಿದ್ದ. "ಮಾವ, ಮೊದಲನೇ ಗೇಮಿನಲ್ಲಿ ಚೆನ್ನಾಗಿ ಹೋಗುವ ಬಾಲ್ ಮೂರನೇ ಗೇಮಿಗೆ ಕೈಕೊಡುತ್ತದೆ. ಇನ್ನೂ ಸ್ಟ್ರಾಂಗ್ ಬಾಲ್ ತಗೊಳ್ಳಲಾ?" ಎಂದು ಕೇಳಿದ. ಬೇಡ ಮಾರಾಯಾ ಎಂದೆ. ಬದಲಾಗಿದ್ದು ಬಾಲ್ ಅಲ್ಲ, ಲೇನ್. ಆ ಹೊತ್ತಿಗೆ ಬೇಕಾಗುವುದು ಇನ್ನೂ ದುರ್ಬಲವಾದ, ಅಂದರೆ ಕಡಿಮೆ ಬಾಗುವ ಬಾಲ್. ಅವನಿಗೆ ನಂಬಿಕೆ ಬರಲಿಲ್ಲ. ಅಂಗಡಿಗೆ ಹೋದರೆ ಜೋರಾಗಿ ತಿರುಗುವ ಬಾಲ್‌ಗಳನ್ನೇ ಮುಂದೆ ಇಟ್ಟಿರುತ್ತಾರಲ್ಲ, ಹಾಗಾಗಿ.

ಸ್ವಲ್ಪ ಬುಡದಿಂದ ಹೇಳುತ್ತೇನೆ. ಬಾಲ್ ಬಿಡುವ ಗೆರೆಯಿಂದ ಮೊದಲನೇ ಪಿನ್ನಿಗೆ 60 ಅಡಿ. ಲೇನಿನ ಅಗಲ ಮೂರೂವರೆ ಅಡಿಗೆ ಕೂದಲೆಳೆ ಕಡಿಮೆ. ಅಗಲಕ್ಕೆ 39 ಪಟ್ಟಿಗಳೆಂದು ಲೆಕ್ಕ. ಹಿಂದೆ ನಿಜವಾದ ಮೇಪಲ್ ಮತ್ತು ಪೈನ್ ಮರದ ಪಟ್ಟಿಗಳಿದ್ದವು, ಈಗ ಹೆಚ್ಚಿನ ಕಡೆ ಸಿಂಥೆಟಿಕ್ ಹಾಳೆ. ಇದರ ಮೇಲೆ ಒಂದು ಯಂತ್ರ ಓಡಿಸಿ ತೆಳ್ಳಗೆ ಎಣ್ಣೆ ಬಳಿಯುತ್ತಾರೆ. ಮರ ಸವೆಯದಿರಲಿ ಎಂದು ಶುರುವಾದ ಪದ್ಧತಿ ಇದು. ಈಗ ಇಡೀ ಆಟವೇ ಆ ಎಣ್ಣೆಯ ಮೇಲೆ ನಿಂತಿದೆ. ಎಣ್ಣೆ ಎಷ್ಟು ಅಂತೀರಿ? ಒಂದು ಲೇನಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್. ಆರು ಟೀ ಚಮಚದ ಒಳಗೆ. ಅದೂ ಪೂರ್ತಿ ಉದ್ದಕ್ಕಲ್ಲ. ಮಾಮೂಲಿ ಆಟದ ಲೇನಿನಲ್ಲಿ ಸುಮಾರು 40 ಅಡಿಯವರೆಗೆ ಮಾತ್ರ. ನಡುವೆ ದಪ್ಪ, ಎರಡು ಅಂಚಿಗೆ ತೆಳು. ಕೊನೆಯ 20 ಅಡಿ ಒಣ.

ಮಳೆಗಾಲದಲ್ಲಿ ನಮ್ಮ ಕಡೆ ಮನೆಮನೆಯ ಜಗಲಿಯಲ್ಲೂ ಕೇರಂ ಆಡುತ್ತೇವೆ ಅಲ್ವಾ? ಪೌಡರ್ ಇದ್ದಲ್ಲಿ ಸ್ಟ್ರೈಕರ್ ಜಾರುತ್ತದೆ, ಪೌಡರ್ ಹೋದಲ್ಲಿ ಕಚ್ಚಿಕೊಳ್ಳುತ್ತದೆ. ಎಣ್ಣೆಯ ಕೆಲಸವೂ ಅಷ್ಟೇ. ಮೊದಲು ಬಾಲ್ ಎಣ್ಣೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಒಣ ಜಾಗ ಸಿಕ್ಕಾಗ ಲೇನನ್ನು ಹಿಡಿದು ಬಾಗುತ್ತದೆ. ಕೊನೆಗೆ ನೇರವಾಗಿ ಉರುಳಿ ಪಿನ್ನಿಗೆ ಹೊಡೆಯುತ್ತದೆ. ಜಾರು, ಬಾಗು, ಉರುಳು, ಈ ಮೂರೂ ಸರಿಯಾದ ಜಾಗದಲ್ಲಿ ಆದರೆ ಬಲಗೈ ಆಟಗಾರನ ಬಾಲ್ ಮುಂದಿನ 1ನೇ ಪಿನ್ ಮತ್ತು ಅದರ ಬಲಹಿಂದಿನ 3ನೇ ಪಿನ್ನಿನ ನಡುವಿನ ಸಂದಿಗೆ ನುಗ್ಗುತ್ತದೆ. ಆ ಸಂದಿಗೆ ಪಾಕೆಟ್ ಎನ್ನುತ್ತಾರೆ. ಎಡಗೈಯವರಿಗೆ ಎಲ್ಲವೂ ಅದಲುಬದಲು.

ಈಗ ನಾಲ್ಕೈದು ಜನ ಒಂದೇ ಲೇನಿನಲ್ಲಿ ಗಂಟೆಗಟ್ಟಲೆ ಆಡುತ್ತಾರೆ ಎಂದುಕೊಳ್ಳಿ. ಇವತ್ತಿನ ಬಾಲ್‌ಗಳ ಹೊರಪದರ ಎಣ್ಣೆ ಹೀರುತ್ತದೆ. ಪ್ರತಿ ಸಲ ಬಿಟ್ಟಾಗಲೂ ಒಂದಿಷ್ಟು ಎಣ್ಣೆ ಬಾಲಿಗೆ ಅಂಟಿಕೊಂಡು ಹೊರಟು ಹೋಗುತ್ತದೆ. ಎಲ್ಲರೂ ಆಡುವ ದಾರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಲ್ಲೇ ಮೊದಲು ಆರುತ್ತದೆ. ಜಾರಬೇಕಾದ ಜಾಗದಲ್ಲಿ ಬಾಲ್ ಕಚ್ಚತೊಡಗುತ್ತದೆ.

ಇದರ ಲಕ್ಷಣ ಎರಡು ಬಗೆ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಬಾಲ್ ಬೇಗ ಬಾಗಿ ಮೊದಲನೇ ಪಿನ್ನಿನ ಮುಖಕ್ಕೇ ಹೊಡೆಯುತ್ತದೆ, ಅಥವಾ ಅದನ್ನೂ ದಾಟಿ ಎಡಕ್ಕೆ ಹೋಗುತ್ತದೆ. ಎರಡು ಕಡೆ ದೂರದೂರ ಪಿನ್ ಉಳಿದು ಸ್ಪ್ಲಿಟ್ ಆಗುತ್ತದೆ. ಬಾಲ್ ಜಾಸ್ತಿ ತಿರುಗುತ್ತಿದೆ ಎಂದು ಯಾರು ಬೇಕಾದರೂ ಹೇಳಬಲ್ಲರು.

ಮೋಸ ಮಾಡುವುದು ಎರಡನೆಯದು. ಬಾಲ್ ಪಾಕೆಟ್ಟಿಗೇ ಹೋಗುತ್ತದೆ. ಆದರೆ ಹೊಡೆತದಲ್ಲಿ ಜೀವವಿಲ್ಲ. ಮೂಲೆಯ 10ನೇ ಪಿನ್ ನಿಂತೇ ಇರುತ್ತದೆ. ಕೆಲವೊಮ್ಮೆ ನಟ್ಟನಡುವಿನ 5ನೇ ಪಿನ್ ಕೂಡ ಬೀಳುವುದಿಲ್ಲ. ಆಗ ಎಂಥವರಿಗೂ 'ನನ್ನ ಬಾಲಿಗೆ ಶಕ್ತಿ ಸಾಲದು, ಇನ್ನೂ ಜೋರಿನದು ಬೇಕು' ಎನ್ನಿಸುತ್ತದೆ. ನಿಜದಲ್ಲಿ ಆದದ್ದು ಬೇರೆ. ಒಣಗಿದ ಲೇನಿನಲ್ಲಿ ಬಾಲ್ ಬೇಗ ಹಿಡಿದು, ದಾರಿಯಲ್ಲೇ ಬಾಗಿ, ಇದ್ದ ತಿರುವನ್ನೆಲ್ಲ ಮೊದಲೇ ಕಳೆದುಕೊಂಡಿದೆ. ಪಿನ್ ಹತ್ತಿರ ಬರುವ ಹೊತ್ತಿಗೆ ಸುಸ್ತು. ಇದಕ್ಕೆ ಇನ್ನೂ ಹಿಡಿಯುವ ಬಾಲ್ ತಂದರೆ ಅದು ಇನ್ನೂ ಮೊದಲೇ ಸುಸ್ತಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತೊಂದರೆಯನ್ನು ದೊಡ್ಡದು ಮಾಡಿಕೊಂಡ ಹಾಗೆ. ನನ್ನ ಅಳಿಯ ಹೊರಟಿದ್ದು ಇದೇ ದಾರಿಗೆ.

ಬಾಲ್‌ಗಳ ಇತಿಹಾಸ ನೋಡಿದರೆ ಈ ಆಸೆ ಯಾಕೆಂದು ಗೊತ್ತಾಗುತ್ತದೆ. 1973ರಲ್ಲಿ ಅಮೆರಿಕದಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಬಾಲನ್ನು ರಾಸಾಯನಿಕದಲ್ಲಿ ನೆನೆಹಾಕಿ ಅದರ ಮೈ ಮೆದು ಮಾಡಿಕೊಂಡ. ಮೆದು ಬಾಲ್ ಲೇನನ್ನು ಚೆನ್ನಾಗಿ ಹಿಡಿಯುತ್ತದೆ. ಆ ವರ್ಷ ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರನಾದ. ಆಮೇಲೆ ಬಾಲ್ ಇಷ್ಟು ಗಟ್ಟಿ ಇರಲೇಬೇಕು ಎಂಬ ನಿಯಮ ಬಂತು. 1980ರ ದಶಕದ ಆರಂಭದಲ್ಲಿ ಯೂರಿಥೇನ್ ಎಂಬ ವಸ್ತುವಿನ ಹೊರಪದರದ ಬಾಲ್ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಹೊರಪದರದ್ದು. ಒಂದಕ್ಕಿಂತ ಒಂದು ಹೆಚ್ಚು ಹಿಡಿತ. ಲೇನ್ ಒಣಗಿದ ದಿನ ಆಟಗಾರ ಈ ಇತಿಹಾಸದಲ್ಲಿ ಒಂದೆರಡು ಹೆಜ್ಜೆ ಹಿಂದಕ್ಕೆ ಹೋಗಬೇಕು. ಅಭಿಮಾನ ಅಡ್ಡ ಬರುತ್ತದೆ, ಏನು ಮಾಡುವುದು!

ಬಾಲ್ ಆರಿಸುವಾಗ ಮೊದಲು ನೋಡಬೇಕಾದದ್ದು ಹೊರಪದರ. ಬಾಲ್ ಎಷ್ಟು ತಿರುಗುತ್ತದೆ ಎಂಬುದನ್ನು ಒಳಗಿನ ಭಾಗಕ್ಕಿಂತ ಇದೇ ಹೆಚ್ಚು ನಿರ್ಧರಿಸುತ್ತದೆ. ರಿಯಾಕ್ಟಿವ್ ಬಾಲ್‌ಗಳಲ್ಲಿ ಸಾಲಿಡ್, ಪರ್ಲ್, ಹೈಬ್ರಿಡ್ ಎಂದು ಮೂರು ಜಾತಿ. ಸಾಲಿಡ್ ಬೇಗ ಹಿಡಿಯುತ್ತದೆ. ಪರ್ಲ್ ಜಾಸ್ತಿ ದೂರ ಜಾರುತ್ತದೆ. ಹೈಬ್ರಿಡ್ ಎರಡರ ನಡುವೆ. ಆರುತ್ತಿರುವ ಲೇನಿಗೆ ಪರ್ಲ್ ಒಳ್ಳೆಯದು. ಜೊತೆಗೆ ಮೇಲ್ಮೈ. ಬಾಲನ್ನು 500ರಿಂದ 4000 ನಂಬರಿನವರೆಗಿನ ಉಜ್ಜುವ ಪ್ಯಾಡಿನಿಂದ ತಿಕ್ಕುತ್ತಾರೆ. ನಂಬರ್ ಕಡಿಮೆ ಇದ್ದಷ್ಟೂ ಮೈ ತರಿತರಿ, ಹಿಡಿತ ಬೇಗ. ನಮಗೆ ಬೇಕಾದದ್ದು ಪಾಲಿಶ್ ಮಾಡಿದ ಹೊಳಪು ಮೈ. ಎಷ್ಟೋ ಸಲ ಹೊಸ ಬಾಲೇ ಬೇಡ. ಇರುವ ಬಾಲಿಗೇ ಪಾಲಿಶ್ ಹೊಡೆಸಿದರೆ ಸಾಕಾಗುತ್ತದೆ. ಅದನ್ನು ಆಟಕ್ಕೆ ಮೊದಲೇ ಮಾಡಿಸಬೇಕು, ಪಂದ್ಯ ಶುರುವಾದ ಮೇಲೆ ಮೇಲ್ಮೈ ಉಜ್ಜುವಂತಿಲ್ಲ.

ಇನ್ನು ಒಳಗಿನ ತಿರುಳು, ಅದೇ ಕೋರ್. ಬಾಲಿನ ಬಗ್ಗೆ ಕಂಪನಿ ಕೊಡುವ ವಿವರದಲ್ಲಿ ಎರಡು ಅಂಕಿ ಇರುತ್ತವೆ. ಒಂದು ಆರ್‌ಜಿ, ಅಂದರೆ ಬಾಲಿನ ಭಾರ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ, ಇಂಚಿನಲ್ಲಿ. ನಿಯಮದಲ್ಲಿ ಇದು 2.46ರಿಂದ 2.80ರ ನಡುವೆ ಇರಬೇಕು. ದೊಡ್ಡದಿದ್ದರೆ ಬಾಲಿನ ಭಾರ ಹೊರಮೈಯ ಕಡೆಗಿದೆ ಎಂದರ್ಥ, ಬಾಲ್ ತಡವಾಗಿ ಉರುಳಲು ಶುರು ಮಾಡುತ್ತದೆ. ಇನ್ನೊಂದು ಡಿಫರೆನ್ಶಿಯಲ್, ಅಂದರೆ ಅದೇ ಬಾಲಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಆರ್‌ಜಿಗಳ ನಡುವಿನ ವ್ಯತ್ಯಾಸ. ಇದರ ಮಿತಿ 0.060. ಇದು ದೊಡ್ಡದಿದ್ದರೆ ಉರುಳುವಾಗ ಬಾಲ್ ತನ್ನ ಮೈಯ ಹೊಸ ಹೊಸ ಒಣ ಭಾಗವನ್ನು ಲೇನಿಗೆ ಒಡ್ಡುತ್ತ ಹೋಗುತ್ತದೆ, ಅಂದರೆ ಹಿಡಿತ ಜಾಸ್ತಿ. ಒಣ ಲೇನಿಗೆ ಆರ್‌ಜಿ ದೊಡ್ಡದಿರಲಿ, ಡಿಫರೆನ್ಶಿಯಲ್ ಚಿಕ್ಕದಿರಲಿ. ಸುಮಾರು 2.55ರ ಮೇಲೆ, 0.040ರ ಕೆಳಗೆ ಇದ್ದರೆ ಚೆನ್ನ. ಕಂಪನಿಗಳ ಕಡಿಮೆ ಬೆಲೆಯ, ಕಲಿಯುವವರಿಗೆಂದು ಮಾರುವ ಪರ್ಲ್ ಬಾಲ್‌ಗಳಲ್ಲಿ ಇಂಥ ಅಂಕಿಗಳೇ ಇರುವುದು ಹೆಚ್ಚು. 'ಕಲಿಯುವವರದ್ದು' ಎಂಬ ಹೆಸರಿಗೆ ಹೆದರಬೇಡಿ. ನುರಿತವರ ಚೀಲದಲ್ಲೂ ಅಂಥದ್ದೊಂದು ಇರುತ್ತದೆ.

ಯೂರಿಥೇನ್ ತಗೊಳ್ಳಬಹುದಾ ಎಂದು ಕೇಳುತ್ತಾರೆ. ಇಲ್ಲಿ ಸ್ವಲ್ಪ ತಡೆಯಬೇಕು. ಯೂರಿಥೇನ್ ಒಟ್ಟಾರೆ ಕಡಿಮೆ ಬಾಗುತ್ತದೆ, ನಿಜ. ಒಣ ಜಾಗದಲ್ಲಿ ರಿಯಾಕ್ಟಿವ್ ಥಟ್ಟನೆ ಹಾರಿದರೆ ಇದು ಮೆಲ್ಲಗೆ, ನುಣ್ಣಗೆ ತಿರುಗುತ್ತದೆ. ಆದರೆ ಇದು ಬಾಗಲು ಶುರು ಮಾಡುವುದು ಬೇಗ. ಲೇನಿನ ಮೊದಲ ಭಾಗದಲ್ಲಿ ಎಣ್ಣೆ ಉಳಿದಿದ್ದರೆ ಯೂರಿಥೇನ್ ಚಂದ. ಅಲ್ಲೂ ಆರಿಹೋಗಿದ್ದರೆ ಇದೂ ದಾರಿಯಲ್ಲೇ ಸುಸ್ತಾಗುತ್ತದೆ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆಯನ್ನು ನೋಡಿ ಎರಡೂ ಕೈಯಲ್ಲಿ ಬಾಲ್ ಬಿಡುವ ಹುಡುಗರು ಈಗ ಹೆಚ್ಚಾಗಿದ್ದಾರೆ. ಅವರ ಬಾಲ್ ಬುಗುರಿ ಸುತ್ತಿದಷ್ಟು ಸುತ್ತುತ್ತದೆ. ಅಂಥವರಿಗೆ ಯೂರಿಥೇನ್ ಸರಿ. ಒಂದೇ ಕೈಯಲ್ಲಿ ಸಾಧಾರಣವಾಗಿ ತಿರುವು ಕೊಡುವವರಿಗೆ ನಾನು ದುರ್ಬಲ ಪರ್ಲನ್ನೇ ಹೇಳುವುದು.

ಪೂರ್ತಿ ಒಣಗಿ ಹೋದರೆ? ಪ್ಲಾಸ್ಟಿಕ್. ಅಂದರೆ ಪಾಲಿಯೆಸ್ಟರ್ ಬಾಲ್. ಎಣ್ಣೆ ಹೀರುವುದಿಲ್ಲ, ಹೆಚ್ಚು ಬಾಗುವುದಿಲ್ಲ, ಬೆಲೆಯೂ ಕಡಿಮೆ. ಮೂಲೆಯ ಒಂಟಿ ಪಿನ್ ಹೊಡೆಯಲು ಇದು ಹೇಗೂ ಬೇಕು. ಬಾಡಿಗೆಗೆ ಕೊಡುವ ಬಾಲ್‌ಗಳು ಬಹುಪಾಲು ಇವೇ ಆದ್ದರಿಂದ ಲೇನ್ ಆರಿದ್ದು ಬಾಡಿಗೆಯವರಿಗೆ ಗೊತ್ತೇ ಆಗುವುದಿಲ್ಲ! ಬೇರೆ ಬಾಲ್ ಕೊಳ್ಳುವಷ್ಟು ದುಡ್ಡಿದ್ದವರೂ ಇದೊಂದನ್ನು ಕೊಳ್ಳದೆ ಬಿಡುವುದೇಕೋ ನನಗೆ ತಿಳಿಯದು. ಮಿಂಚುವುದಿಲ್ಲ ಅಂತಲೋ ಏನೋ. ಇನ್ನು ಕೆಲವರು ಎಣ್ಣೆ ಕುಡಿದು ಸತ್ವ ಹೋದ ಹಳೆಯ ಬಾಲನ್ನು ಒಣ ಲೇನಿಗೆಂದು ಎತ್ತಿಡುತ್ತಾರೆ. ಕೆಲಸ ನಡೆಯುತ್ತದೆ. ಒಂದು ಸಲ ಹೋದ ಹಾಗೆ ಇನ್ನೊಂದು ಸಲ ಹೋಗುತ್ತದೆಂಬ ಭರವಸೆ ಮಾತ್ರ ಇಲ್ಲ.

ಚೀಲದಿಂದ ಬೇರೆ ಬಾಲ್ ತೆಗೆಯುವ ಮೊದಲು ಕಾಲು ಸರಿಸಿ ನೋಡಿ. ಬಲಗೈಯವರು ನಿಲ್ಲುವ ಜಾಗವನ್ನು ಎರಡು ಪಟ್ಟಿ ಎಡಕ್ಕೆ, ಗುರಿಯನ್ನು ಒಂದು ಪಟ್ಟಿ ಎಡಕ್ಕೆ ಸರಿಸಿಕೊಳ್ಳಬೇಕು. ನಡುವಿನ ಎಣ್ಣೆ ಇನ್ನೂ ಉಳಿದಿರುತ್ತದೆ, ಬಾಲ್ ಅದರ ಮೇಲೆ ಜಾರುತ್ತದೆ. ವೇಗ ಸ್ವಲ್ಪ ಹೆಚ್ಚಿಸಿದರೂ ಬಾಗು ಕಡಿಮೆಯಾಗುತ್ತದೆ. ಅದಕ್ಕೆ ತೋಳಿನ ಬಲ ಹಾಕಬೇಡಿ. ನಿಂತಾಗ ಬಾಲನ್ನು ಒಂದಿಷ್ಟು ಮೇಲೆ ಹಿಡಿದುಕೊಳ್ಳಿ, ಬೀಸು ತಾನಾಗಿ ಜೋರಾಗುತ್ತದೆ. ಎರಡು ಮೂರು ಸಲ ಸರಿದ ಮೇಲೂ ಬಾಲ್ ಬೇಗ ಹಿಡಿದರೆ ಆಗ ಬದಲಿಸಿ.

ಬೆರಳಿನ ರಂಧ್ರ ಕೊರೆಸುವಾಗಲೂ ಅಂಗಡಿಯವರಿಗೆ ಇದು ಒಣ ಲೇನಿಗೆ ಎಂದು ಬಾಯಿಬಿಟ್ಟು ಹೇಳಿ. ಕೋರ್ ಎತ್ತ ಮುಖ ಮಾಡಿದೆ ಎಂಬುದನ್ನು ನೋಡಿ ಹಿಡಿತ ಕಡಿಮೆಯಾಗುವ ಹಾಗೆ ಅವರು ಕೊರೆಯಬಲ್ಲರು. ಬೆರಳಿಗಲ್ಲದೆ ತೂಕ ಸರಿದೂಗಿಸಲೆಂದು ಹೆಚ್ಚುವರಿ ಬ್ಯಾಲೆನ್ಸ್ ರಂಧ್ರ ಕೊರೆಯಲಾ ಎಂದು ಯಾರಾದರೂ ಕೇಳಿದರೆ ಬೇಡ ಅನ್ನಿ. 2020ರ ಆಗಸ್ಟಿನಿಂದ ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯಾದ ಯುಎಸ್‌ಬಿಸಿಯ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ.

ಕೊನೆಯದಾಗಿ, ಊರಿಗೆ ತಂದ ಬಾಲಿನ ಬಗ್ಗೆ. ಕಾರವಾರದ ಏಪ್ರಿಲ್ ಬಿಸಿಲಿನಲ್ಲಿ, ಟಾಗೋರ್ ಬೀಚಿನ ಬದಿ ಕಾರು ನಿಲ್ಲಿಸಿ ಡಿಕ್ಕಿಯಲ್ಲಿ ಬಾಲ್ ಬಿಡಬೇಡಿ. ಅಲ್ಲಿ ಕಾದು, ಆಮೇಲೆ ಏಸಿ ಕೋಣೆಯ ತಂಪಿಗೆ ಹೋದರೆ ಮೈ ಬಿರಿಯಬಹುದು. ಬಾಲ್ ಕುಡಿದ ಎಣ್ಣೆ ತೆಗೆಯಲು ಬಿಸಿನೀರಿನಲ್ಲಿ ಮುಳುಗಿಸುವುದುಂಟು. ಬೆರಳಿನ ರಂಧ್ರಗಳಿಗೆ ಟೇಪ್ ಹಚ್ಚಿ, ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೇಲೆ ಬಂದ ಎಣ್ಣೆ ಒರೆಸಬೇಕು. ಶಿರಸಿ ಕಡೆಯವರಿಗೆ ಮತ್ತೆ ಹೇಳುತ್ತೇನೆ, ಕೈ ತಡೆಯುವಷ್ಟು ಬಿಸಿ. ಬಚ್ಚಲ ಹಂಡೆಯ ಕುದಿನೀರಲ್ಲ. ನಮಸ್ಕಾರ.