ಕಾಡುಕೋಣಕ್ಕೆ ಅಂತ ಕುಂಬಳ ಹಾಕಬೇಡಿ

ವಾಸ್ಕೋ, ಪೋಂಡಾ, ವಾಲ್ಪೊಯಿ, ಕಾಣಕೋಣ, ಎಲ್ಲೇ ಕೂತು ಕೇಳುತ್ತಿರುವ ಗೋವಾ ಕನ್ನಡಿಗರಿಗೆಲ್ಲ ನಮಸ್ಕಾರ.

ಗೋವಾದ ಸತ್ತರಿ ತಾಲೂಕಿನ ಕಡೆ ತೋಟ ನೋಡಿಕೊಂಡಿರುವ ನಮ್ಮವರು ಕೆಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಅಮೆರಿಕದಲ್ಲಿ ಜಿಂಕೆಗಳಿಗೆ ಅಂತಲೇ ಕುಂಬಳ ಬೆಳೆಯುತ್ತಾರಂತೆ. ನಾವೂ ಕಾಡಂಚಿನಲ್ಲಿ ಅರ್ಧ ಎಕರೆ ಹಾಕಿದರೆ ಹೇಗೆ? ಕಾಡುಕೋಣ ಅದನ್ನು ತಿಂದು, ತೋಟದ ತಂಟೆಗೆ ಬರದೆ ಹೋಗುತ್ತದೆ, ಅಲ್ವಾ?

ಇಲ್ಲ, ಹೋಗುವುದಿಲ್ಲ. ದಯವಿಟ್ಟು ಹಾಕಬೇಡಿ.

ಅಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಬೇಟೆಗೆ ಲೈಸೆನ್ಸ್ ಸಿಗುತ್ತದೆ. ಎಷ್ಟೋ ಜನ ಸ್ವಂತ ಜಮೀನಿನಲ್ಲಿ ಕುಂಬಳ, ಟರ್ನಿಪ್ ಅನ್ನುವ ಗೆಡ್ಡೆ ಹಾಕುವುದೇ ಜಿಂಕೆ ತಮ್ಮ ಜಾಗಕ್ಕೆ ಬರಲಿ ಅಂತ. ಕಾಯಿ ಬಲಿಯಲು ಮೂರು ನಾಲ್ಕು ತಿಂಗಳು ಬೇಕು. ಆಮೇಲೆ ಹಿಮ ಬಿದ್ದು ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಆ ಹೊತ್ತಿಗೆ ಹಸಿರು ಮೇವೂ ಕಡಿಮೆ, ಜಿಂಕೆ ಬಂದು ಬಾಯಿ ಹಾಕುತ್ತದೆ. ನಮಗೆ ಆ ಹಿಮವೂ ಇಲ್ಲ, ಆ ಬೇಟೆಯೂ ಇಲ್ಲ. ಕಾಡುಕೋಣ ಗೋವಾದ ರಾಜ್ಯಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ, ಕಾಯಲೇಬೇಕು. ಅಲ್ಲಿನವರು ಪ್ರಾಣಿಯನ್ನು ಕರೆಯಲು ಬೆಳೆಯುತ್ತಾರೆ. ನಿಮಗೆ ಬೇಕಾಗಿರುವುದು ಅದು ದೂರ ಇರುವುದು.

ಕುಂಬಳದ ಪಾತಿ ಹತ್ತಿರದಿಂದ ನೋಡಿದವರಿಗೆ ಗೊತ್ತು. ಬಳ್ಳಿ ನೆಲದ ಮೇಲೇ ಹರಡುತ್ತದೆ. ಎಲೆಯ ದಂಟು ಟೊಳ್ಳು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರುತ್ತದೆ. ಆ ಹೂವು ಅರಳುವುದು ಒಂದೇ ಒಂದು ಬೆಳಿಗ್ಗೆ. ಬಿಸಿಲೇರುವ ಮೊದಲು ಜೇನು ಬಂದು ಗಂಡು ಹೂವಿನ ಪರಾಗ ತಾಗಿಸಬೇಕು. ಇಲ್ಲದಿದ್ದರೆ ಕಾಯಿ ಹಳದಿ ತಿರುಗಿ ಉದುರಿಹೋಗುತ್ತದೆ. ಇಷ್ಟು ನಾಜೂಕಿನ ಪಾತಿಯೊಳಗೆ ಒಂದು ಟನ್ ಹತ್ತಿರ ತೂಗುವ ಗಂಡು ಕಾಡುಕೋಣ ನಡೆದರೆ? ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಒಡೆದ ಕಾಯಿಗೆ ರಾತ್ರಿ ಹಂದಿ ಬರುತ್ತದೆ, ಮುಳ್ಳುಹಂದಿ ಬರುತ್ತದೆ. ಪಾತಿ ಖಾಲಿಯಾದ ಮೇಲೆ ಅವು ವಾಪಸ್ ಕಾಡಿಗೆ ಹೋಗುವುದಿಲ್ಲ. ಪಕ್ಕದವರ ಬಾಳೆಗೆ ಹೋಗುತ್ತವೆ. ಆ ಪಕ್ಕದವರಿಗೆ ಇರುವುದೇ ಒಂದು ಸಣ್ಣ ಕುಳಾಗರ, ಅಂದರೆ ಅಡಿಕೆ, ತೆಂಗು, ಬಾಳೆ ಬೆರೆತ ತೋಟ. ಅವರು ರಾತ್ರಿಯೆಲ್ಲ ಪಟಾಕಿ ಹೊಡೆಯುತ್ತಾರೆ. ಕೊನೆಗೆ ಯಾರೋ ಬೇಲಿಗೆ ಕರೆಂಟ್ ಕೊಡುತ್ತಾರೆ. ಅದರಲ್ಲಿ ಪ್ರಾಣಿಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ.

ರೋಗದ ಮಾತೂ ಇದೆ. ಮೇವು ಒಂದೇ ಕಡೆ ರಾಶಿ ಬಿದ್ದರೆ ನಮ್ಮ ದನವೂ ಕಾಡುಕೋಣವೂ ಅಲ್ಲೇ ಬಾಯಿ ಹಾಕುತ್ತವೆ. ಕಾಲುಬಾಯಿ ರೋಗ ದಾಟಲು ಅಷ್ಟು ಸಾಕು. ದನಗಳ ರೋಗ ಹೀಗೆ ಕಾಡಿಗೆ ದಾಟಿದ್ದು ಹಿಂದೆಯೂ ಇದೆ: 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೈ ಕಾಡಿಗೂ ಹಬ್ಬಿ ಕಾಡುಕೋಣಗಳನ್ನು ರಾಶಿ ರಾಶಿ ಕೊಂದಿತ್ತು.

ಊರಿಗೆ ಹೋಗುವಾಗ ಗೋವಾ-ಕರ್ನಾಟಕ ಗಡಿಯ ಅನ್ಮೋಡ್ ಘಾಟ್‌ನಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಎಸೆಯುತ್ತೇವಲ್ಲ, ಅದೂ ಇದೇ ಥರದ್ದು. ಪ್ರೀತಿಯಿಂದಲೇ ಕೊಡುತ್ತೇವೆ. ಆದರೆ ಮಂಗ ರಸ್ತೆಯಲ್ಲೇ ಕಾಯುವುದನ್ನು ಕಲಿಯುತ್ತದೆ, ಲಾರಿಯಡಿ ಸಿಕ್ಕಿ ಸಾಯುತ್ತದೆ.

ಹಾಗಂತ ಕುಂಬಳ ಬಿಡಬೇಡಿ. ಮನೆ ಹತ್ತಿರ, ಬೇಲಿಯೊಳಗೆ, ನಿಮಗಾಗಿ ಬೆಳೆಯಿರಿ. ಚವತಿಗೆ ಗಣಪತಿಯ ಮೇಲೆ ಹಣ್ಣು-ಕಾಯಿ ತೂಗಿಸುವ ಮಾಟೋಳಿಗೆ ಕಟ್ಟಿ, ಮಕ್ಕಳಿಗೆ ಗಾರಿಗೆ ಮಾಡಿಕೊಡಿ. ಬೆಳಿಗ್ಗೆ ಔಷಧಿ ಹೊಡೆಯಬೇಡಿ, ಅದು ಜೇನು ಬರುವ ಹೊತ್ತು. ಕೊಳೆತ ಕಾಯಿಯನ್ನು ಕಾಡಂಚಿಗೆ ಎಸೆಯಬೇಡಿ, ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಕಾಡುಕೋಣಕ್ಕೆ ಏನಾದರೂ ಮಾಡಲೇಬೇಕು ಅನ್ನುವ ಆಸೆ ನಿಮಗಿದ್ದರೆ ನನಗೆ ತುಂಬಾ ಸಂತೋಷ. ಅದಕ್ಕೆ ಮುಖ್ಯವಾಗಿ ಬೇಕಾಗಿರುವುದು ಹುಲ್ಲು, ಎಳೆ ಬಿದಿರು, ನೀರು, ಅದೂ ಕಾಡಿನೊಳಗೇ. ಹೊರಗಿಂದ ಬಂದು ಹಬ್ಬಿರುವ ಲಂಟಾನ ಪೊದೆ ಇರುವ ಕಡೆ ಹುಲ್ಲು ಏಳುವುದಿಲ್ಲ. ಅರ್ಧ ಎಕರೆ ಕುಂಬಳಕ್ಕೆ ಹಾಕುವ ದುಡ್ಡು, ದುಡಿಮೆ ಎರಡನ್ನೂ ಲಂಟಾನ ಕೀಳುವುದಕ್ಕೆ ಕೊಡಿ. ಮೊದಲು ನಿಮ್ಮ ಭಾಗದ ಅರಣ್ಯ ಕಚೇರಿಗೆ ಹೋಗಿ ಕೇಳಿ. ಅವರು ಒಪ್ಪಿದರೆ ನನಗೂ ಹೇಳಿ, ನಾನೂ ಬರುತ್ತೇನೆ.